ಹಿಂಬದಿ ಕೋಣೆಯ ನಾದಪರೀಕ್ಷೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸೋತಿಲ್ಲ. ನನ್ನ ಹೆಂಡತಿ ಬೇರೆ ರೀತಿ ಹೇಳುತ್ತಾಳೆ. ಅವಳ ತಾಯಿ, ಅಂದರೆ ನನ್ನ ಅತ್ತೆ, ಏನೂ ಹೇಳುವುದಿಲ್ಲ, ಸುಮ್ಮನೆ ನಗುತ್ತಾರೆ. ಅದು ಇನ್ನೂ ಕೆಟ್ಟದ್ದು. ಮೇಲಿನ ಮನೆಯ ನಿವೃತ್ತ ಪೋಸ್ಟ್ ಮಾಸ್ಟರರಂತೂ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನ್ನ ಬೆನ್ನು ತಟ್ಟಿ, "ಇರ್ಲಿ ಬಿಡಿ, ಸಂಸಾರ ಅಂದ್ಮೇಲೆ ಇದೆಲ್ಲ ಇದ್ದಿದ್ದೇ" ಎಂದು ಸಮಾಧಾನ ಹೇಳುತ್ತಾರೆ. ನಾನು ಸಮಾಧಾನ ಕೇಳಿದ್ದೆನೇ? ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನಿಮ್ಮ ಮುಂದೆ ಇಡುತ್ತೇನೆ. ತೀರ್ಪು ನಿಮ್ಮದು. (ಅದು ನನ್ನ ವಿರುದ್ಧ ಬಂದರೆ ನಾನು ಒಪ್ಪುವುದಿಲ್ಲ, ಅದನ್ನೂ ಈಗಲೇ ಹೇಳಿರುತ್ತೇನೆ.)

ನನ್ನದು ಕನ್ನಡಕದ ಅಂಗಡಿ. ಇಪ್ಪತ್ತಾರು ವರ್ಷದಿಂದ ಊರಿನ ಅರ್ಧ ಜನ ಲೋಕವನ್ನು ನೋಡುತ್ತಿರುವುದು ನಾನು ಕೊಟ್ಟ ಗಾಜಿನ ಮೂಲಕ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ದುಂಡನೆಯ, ಭಾರದ ಪರೀಕ್ಷೆ ಕನ್ನಡಕವನ್ನು ಅವರ ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ತೆಗೆದು ಹಾಕುತ್ತಾ, "ಒಂದನೇದು ಚೆನ್ನಾಗಿದ್ಯೋ, ಎರಡನೇದೋ?" ಎಂದು ಕೇಳುವುದು ನನ್ನ ಕಸುಬು. ದಿನಕ್ಕೆ ನೂರಿನ್ನೂರು ಸಲ ಕೇಳುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಎರಡು ಸೀರೆ ತೋರಿಸಿ ಯಾವುದು ಉಡಲಿ ಎಂದಾಗ ನಾನು ಕಸುಬಿನ ಚಟದಿಂದ ಅವಳಿಗೇ ಈ ಪ್ರಶ್ನೆ ಕೇಳಿ, ಮೂರು ದಿನ ಅವಳು ಮಾತು ಬಿಡುವ ಹಾಗೆ ಮಾಡಿಕೊಂಡಿದ್ದೆ. ಅಷ್ಟು ಮೈಗಂಟಿದ ಪ್ರಶ್ನೆ ಅದು.

ಇಂಥ ನನಗೆ ಒಂದು ಆಸೆ ಇದೆ. ಇಪ್ಪತ್ತು ವರ್ಷದವನಿದ್ದಾಗ ಒಂದು ಸಭಾಂಗಣದ ಹಿಂಬಾಗಿಲಲ್ಲಿ ನಿಂತು, ಯಾರೋ ಒಬ್ಬ ಹೆಸರು ಗೊತ್ತಿಲ್ಲದವನು ಎಲೆಕ್ಟ್ರಿಕ್ ಗಿಟಾರಿನ ಒಂದೇ ಒಂದು ತಂತಿಯನ್ನು ಮೀಟಿದ್ದನ್ನು ಕೇಳಿದ್ದೆ. ಒಂದೇ ಸ್ವರ. ಶುರುವಿನಲ್ಲಿ ದುಂಡಗೆ, ಮಧ್ಯದಲ್ಲಿ ಸ್ವಲ್ಪ ಗಂಟಲು ಕಟ್ಟಿದ ಹಾಗೆ, ಕೊನೆಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ನೆಂಟರ ಹಾಗೆ ತಡೆದು ತಡೆದು ಹೋಯಿತು. ನಾನು ಅಲ್ಲೇ ನಿಂತುಬಿಟ್ಟೆ. ಅಂದಿನಿಂದ ಆ ನಾದ ನನ್ನ ಕೈಯಿಂದ ಬರಬೇಕೆಂಬುದೇ ನನ್ನ ಹಟ. ಇದನ್ನು ಹೆಂಡತಿಗೆ ಮೊದಲ ಸಲ ಹೇಳಿದಾಗ ಅವಳು ಕೊನೆತನಕ ಕೇಳಿ, "ಆಮೇಲೆ?" ಎಂದಳು. "ಆಮೇಲೇನಿಲ್ಲ, ಅಷ್ಟೇ" ಎಂದೆ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಉತ್ತರವಿಲ್ಲದ ಲೆಕ್ಕಗಳು ಅವಳಿಗೆ ಹಿಡಿಸುವುದಿಲ್ಲ.

ಈ ಆಸೆಗೆ ನೀರೆರೆದವರು ನನ್ನ ಅಂಗಡಿಯ ಎದುರು ಸಾಲಿನಲ್ಲಿ ಹಳೆ ರೇಡಿಯೋ ರಿಪೇರಿ ಮಾಡುವ ಹೊಗೆ ಮೇಷ್ಟ್ರು. ಅವರು ಯಾವ ಪೆಟ್ಟಿಗೆ ಬಿಚ್ಚಿದರೂ ಮೊದಲು ಹೊಗೆ ಬರುತ್ತದೆ, ಆಮೇಲೆ ಶಬ್ದ ಬರುತ್ತದೆ, ಆದ್ದರಿಂದ ಆ ಹೆಸರು. ಒಂದು ದಿನ ಅವರ ಅಂಗಡಿಯ ಮೂಲೆಯಲ್ಲಿ ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಒಂದು ವಾಲ್ವ್ ಆಂಪ್ಲಿಫೈಯರ್ ಕಂಡೆ. ಹಿಂದಿನಿಂದ ಇಣುಕಿದರೆ ಬದನೆಕಾಯಿ ಗಾತ್ರದ ಗಾಜಿನ ಬುರುಡೆಗಳು ಸಾಲಾಗಿ ನಿಂತು ಕೆಂಪಗೆ ಬೆಳಗುತ್ತಿದ್ದವು. ಅದನ್ನು ಇಬ್ಬರು ಹೊತ್ತು ತಂದು ನಮ್ಮ ಹಿಂಬದಿ ಕೋಣೆಯಲ್ಲಿ ಇಳಿಸಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಇದು ಬಟ್ಟೆ ಒಗೆಯುತ್ತಾ?"

ಆಗ ನನ್ನ ಬಳಿ ಇದ್ದದ್ದು ದಪ್ಪ ದನಿಯ ಗಿಟಾರು. ಈ ಆಂಪ್ಲಿಫೈಯರಿನದೂ ದಪ್ಪ ದನಿಯೇ. ಎರಡೂ ಸೇರಿದಾಗ ಹಾಸಿಗೆಯ ಕೆಳಗೆ ಎಮ್ಮೆಯೊಂದು ಸಿಕ್ಕಿಹಾಕಿಕೊಂಡಿದೆ ಎಂದು ಹೆಂಡತಿ ವರದಿ ಮಾಡಿದಳು. ಹಾಗಾಗಿ ತೆಳು ದನಿಯ ಇನ್ನೊಂದು ಗಿಟಾರು ಬಂತು. ಅದಕ್ಕೆ ಜೊತೆಯಾಗಲಿ ಎಂದು ಚುರುಕು ದನಿಯ ಇನ್ನೊಂದು ಚಿಕ್ಕ ವಾಲ್ವ್ ಆಂಪ್ಲಿಫೈಯರ್ ಬಂತು. ಅವೆರಡೂ ಸೇರಿದಾಗ ಸ್ಟೀಲ್ ತಟ್ಟೆಯ ಮೇಲೆ ಮೊಳೆ ಎಳೆದ ಹಾಗಾಯಿತು. ಮನೆಯಲ್ಲಿ ಇವಕ್ಕೆ ನಾಮಕರಣವೂ ಆಯಿತು: ದಪ್ಪ ಗಿಟಾರಿಗೆ ಕೋಣ, ತೆಳು ಗಿಟಾರಿಗೆ ಸೊಳ್ಳೆ, ಆಂಪ್ಲಿಫೈಯರುಗಳಿಗೆ ದೊಡ್ಡ ಡಬ್ಬ, ಚಿಕ್ಕ ಡಬ್ಬ. ಮೂವತ್ತು ವರ್ಷದ ನನ್ನ ಸಾಧನೆಯನ್ನು ನಾಲ್ಕು ಹೆಸರುಗಳಲ್ಲಿ ಮುಗಿಸಿಬಿಟ್ಟರು. ನಾನು ಸೊಪ್ಪು ಹಾಕಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಬಂದವನು ಆರು ಗಂಟೆಗೆ ಬಾರಿಸಲು ಕೂರುತ್ತಿದ್ದೆ. ಅದೇ ಆರು ಗಂಟೆಗೆ ಹಜಾರದಲ್ಲಿ ಹೆಂಡತಿಯ ಮನೆಪಾಠ, ಹತ್ತು ಮಕ್ಕಳು. ನಾನು ಒಂದು ತಂತಿ ಮೀಟಿದರೆ ಕಪಾಟಿನ ಡಬ್ಬಿಗಳೆಲ್ಲ ಒಟ್ಟಿಗೆ ಮಾತಾಡುತ್ತಿದ್ದವು. ಅತ್ತೆ ತಮ್ಮ ಕಿವಿಯ ಮೆಷಿನ್ನನ್ನು ತೆಗೆದು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು, ಎರಡು ಲೋಕದ ಸುಖವನ್ನೂ ಕಂಡವರಂತೆ ಗೋಡೆಗೊರಗಿ ಕೂರುತ್ತಿದ್ದರು. ಮೇಲಿನ ಪೋಸ್ಟ್ ಮಾಸ್ಟರರು ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು. (ತಾಳ ಚೆನ್ನಾಗಿರುತ್ತಿತ್ತು. ಅದನ್ನು ನಾನು ಪ್ರೋತ್ಸಾಹವೆಂದೇ ತಿಳಿದಿದ್ದೆ.) ಹೀಗಿರಲು ಒಂದು ಭಾನುವಾರ ಹೆಂಡತಿ ಹತ್ತು ಉತ್ತರಪತ್ರಿಕೆಗಳನ್ನು ನನ್ನ ಮುಂದೆ ಹರಡಿದಳು.

"ನೋಡಿ. ಹನ್ನೆರಡನ್ನ ಮೂರರಿಂದ ಭಾಗಿಸಿದ್ರೆ ಎಷ್ಟು?"

"ನಾಲ್ಕು."

"ಹತ್ತು ಮಕ್ಕಳು ಹತ್ತು ಉತ್ತರ ಬರ್ದಿದಾರೆ. ಒಂದರಲ್ಲೂ ನಾಲ್ಕಿಲ್ಲ. ಒಬ್ಬ ಅಂತೂ 'ಗುಂಯ್' ಅಂತ ಬರ್ದಿದಾನೆ."

"ಅದು ಅವರ ತಲೆ ದೋಷ. ನನ್ನ ನಾದಕ್ಕೂ ಭಾಗಾಕಾರಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲದೇ ಇರ್ಲಿ ಅಂತಾನೇ ನಾನು ಹೇಳ್ತಿರೋದು. ಮುಂದಿನ ಸೋಮವಾರದಿಂದ ಪಾಠ ಹಿಂಬದಿ ಕೋಣೆಯಲ್ಲಿ. ನಿಮ್ಮ ಸಾಮಾನು ಹೊರಗೆ."

"ಹೊರಗೆ ಅಂದ್ರೆ?"

"ಹೊರಗೆ ಅಂದ್ರೆ ಹೊರಗೆ. ಬಾಗಿಲಿಂದ ಆಚೆ."

ನಾನು ಎದ್ದು ನಿಂತೆ. ನಮ್ಮ ಸಂಸಾರದ ಇತಿಹಾಸದಲ್ಲಿ ನಾನು ಎದ್ದು ನಿಂತದ್ದು ಅದು ಎರಡನೆಯ ಸಲ. (ಮೊದಲನೆಯ ಸಲ ಕುರ್ಚಿಯಲ್ಲಿ ಸೂಜಿ ಇತ್ತು.) "ಮೂವತ್ತು ವರ್ಷದಿಂದ ಹುಡುಕ್ತಾ ಇದೀನಿ ಕಣೇ. ಇವತ್ತೋ ನಾಳೆಯೋ ಅನ್ನೋ ಹೊತ್ತಿಗೆ ಎತ್ತಿ ಎಸಿ ಅಂತೀಯಲ್ಲ. ಎಸೆಯಲ್ಲ. ಏನು ಮಾಡ್ಕೋತೀಯೋ ಮಾಡ್ಕೋ" ಎಂದೆ. ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ಕೋಣೆ ಹೋದರೆ ನನ್ನ ನಾದವೂ ಹೋಯಿತು, ಐವತ್ತೊಂದನೆಯ ವಯಸ್ಸಿನಲ್ಲಿ ಇನ್ನೆಲ್ಲಿ ಹುಡುಕಲಿ?

ಹೆಂಡತಿ ಉತ್ತರಪತ್ರಿಕೆಗಳನ್ನು ಒಟ್ಟುಮಾಡಿದಳು. "ಸರಿ. ಒಂದು ವಾರ. ಬರೋ ಭಾನುವಾರ ಸಂಜೆಯೊಳಗೆ ಆ ನಿಮ್ಮ ನಾದ ಬಂದ್ರೆ ಕೋಣೆ ನಾದದ್ದು. ಬರ್ಲಿಲ್ಲ ಅಂದ್ರೆ ಮಕ್ಕಳದ್ದು."

"ಬಂತೋ ಇಲ್ವೋ ಅಂತ ಹೇಳೋರು ಯಾರು?"

"ನೀವೇ ಹೇಳಿ. ಬೇಕಾದ ಪರೀಕ್ಷೆ ಮಾಡಿ."

ಪರೀಕ್ಷೆ ಎಂದ ಕೂಡಲೇ ನನ್ನ ತಲೆಯಲ್ಲಿ ದೀಪ ಹೊತ್ತಿತು. ಅಯ್ಯೋ ಮಂಕೇ, ಇಷ್ಟು ವರ್ಷ ಹೊಳೆಯಲಿಲ್ಲವಲ್ಲ. ಗಿಟಾರೆಂದರೆ ಕಣ್ಣು, ಆಂಪ್ಲಿಫೈಯರ್ ಎಂದರೆ ಕನ್ನಡಕ. ಯಾವ ಕಣ್ಣಿಗೆ ಯಾವ ಗಾಜು ಎಂದು ಇಪ್ಪತ್ತಾರು ವರ್ಷ ಜೋಡಿ ಮಾಡಿದವನು ನಾನು. ಹೊಗೆ ಮೇಷ್ಟ್ರು ಕೂಡ ಮೊದಲ ದಿನವೇ ಹೇಳಿದ್ದರು: "ಗಿಟಾರ್ ಒಂದೇ ನೋಡ್ಬೇಡಿ ಸಾರ್, ಆಂಪ್ ಒಂದೇ ನೋಡ್ಬೇಡಿ. ಎರಡೂ ಸೇರಿದ್ರೆ ಒಂದು ವಾದ್ಯ." ಕಣ್ಣಿನ ಪರೀಕ್ಷೆಯನ್ನೇ ಕಿವಿಗೆ ಮಾಡಿದರಾಯಿತು. ಕೂಡಲೇ ಅಂಗಡಿಯ ಚೀಟಿಯೊಂದರ ಮೇಲೆ ಘನಗಂಭೀರವಾಗಿ ಬರೆದೆ: "ಕಣ್ಣು ಮುಚ್ಚಿ ಕಿವಿ ಯಾವುದನ್ನು ಆರಿಸುವುದೋ ಅದು ಕೋಣೆಯಲ್ಲಿ ಉಳಿಯತಕ್ಕದ್ದು. ಕಿವಿ ಬೇಡವೆಂದದ್ದು ಚರ್ಚೆಯಿಲ್ಲದೆ ಹೊರಗೆ ಹೋಗತಕ್ಕದ್ದು." ನಾನು ಸಹಿ ಹಾಕಿದೆ, ಹೆಂಡತಿಯೂ ಹಾಕಿದಳು. ಅತ್ತೆ ಸಾಕ್ಷಿ. (ಅವರು ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಯಾವ ಕಾಗದ ಕೊಟ್ಟರೂ ಮೊದಲು ಸಮಯ ಬರೆದು ಆಮೇಲೆ ಸಹಿ ಹಾಕುತ್ತಾರೆ.)

ಕಣ್ಣಿನ ಪರೀಕ್ಷೆಗೆ ಎರಡು ನಿಯಮಗಳಿವೆ. ಒಂದು, ಗಿರಾಕಿಯನ್ನು "ಹೇಗಿದೆ?" ಎಂದು ಕೇಳಬಾರದು. ಕೇಳಿದರೆ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಎನ್ನುತ್ತಾರೆ. ಒಂದನೆಯದೋ ಎರಡನೆಯದೋ ಎಂದಷ್ಟೇ ಕೇಳಬೇಕು. ಎರಡು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಗಾಜು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಇದನ್ನು ನಾನು ಹೆಂಡತಿಗೆ ಕೈಯಾಡಿಸಿ ಕೈಯಾಡಿಸಿ ವಿವರಿಸಿದೆ. ಅವಳು ಅಪರೂಪಕ್ಕೆ ತಲೆದೂಗಿದಳು. "ಇದೊಂದು ಸರಿಯಾದ ಮಾತು ಹೇಳಿದ್ರಿ" ಎಂದಳು. ನನಗೆ ಆ ಹೊಗಳಿಕೆಯಲ್ಲಿ ಅಪಾಯ ಕಾಣಲಿಲ್ಲ.

ಸೋಮವಾರ ಸಂಜೆ, ಮಕ್ಕಳು ಮನೆಗೆ ಹೋದ ಮೇಲೆ, ಹೆಂಡತಿಯನ್ನು ಕೋಣೆಯ ಮಧ್ಯೆ ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಅಂಗಡಿಯಿಂದ ತಂದ ಪರೀಕ್ಷೆ ಕನ್ನಡಕವನ್ನು ಹಾಕಿ, ಎರಡೂ ಕಣ್ಣಿಗೆ ಕಪ್ಪು ಬಿಲ್ಲೆ ಸೇರಿಸಿದೆ. (ಒಂದು ಬಟ್ಟೆ ಕಟ್ಟಿದ್ದರೆ ಸಾಕಿತ್ತು ಎಂದು ನೀವು ಹೇಳಬಹುದು. ಕಸುಬು ಗೊತ್ತಿಲ್ಲದವರು ಹಾಗೆಯೇ ಹೇಳುವುದು.) ಅತ್ತೆ ಬಾಗಿಲ ಬಳಿ ಕುಕ್ಕರಿಸಿ ನೋಡುತ್ತಿದ್ದರು.

"ಒಂದನೇದು," ಎಂದು ಕೋಣವನ್ನು ದೊಡ್ಡ ಡಬ್ಬಕ್ಕೆ ಸಿಕ್ಕಿಸಿ ಬಾರಿಸಿದೆ. "ಎರಡನೇದು," ಎಂದು ಅದೇ ಕೋಣವನ್ನು ಚಿಕ್ಕ ಡಬ್ಬಕ್ಕೆ ಸಿಕ್ಕಿಸಿದೆ.

"ಎರಡನೇದು. ಆದ್ರೂ ನೂರಕ್ಕೆ ಇಪ್ಪತ್ತು."

"ಅಂಕ ಕೇಳ್ಲಿಲ್ಲ ನಾನು."

"ನಾನು ಕೊಡೋದೇ ಹಾಗೆ. ಮುಂದಿನದು."

ಸೊಳ್ಳೆ ಮತ್ತು ಚಿಕ್ಕ ಡಬ್ಬಕ್ಕೆ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆಮೇಲೆ ಸೊಳ್ಳೆಯನ್ನು ದೊಡ್ಡ ಡಬ್ಬಕ್ಕೆ ಸಿಕ್ಕಿಸಿ ಮೀಟಿದೆ. ಕಪ್ಪು ಬಿಲ್ಲೆಗಳ ಹಿಂದೆ ಹೆಂಡತಿಯ ಹುಬ್ಬು ಮೇಲೇರಿತು. "ಇದು ಪರವಾಗಿಲ್ಲ. ಮೂವತ್ತೈದು" ಎಂದಳು. ಪಾಸು! ನಾನು ಗಿಟಾರು ಹಿಡಿದೇ ಒಂದು ಸುತ್ತು ತಿರುಗಿದೆ. ನೋಡಿ, ಎಷ್ಟು ಸರಳ: ದಪ್ಪ ದನಿಗೆ ತೆಳು ಜೊತೆ, ತೆಳು ದನಿಗೆ ದಪ್ಪ ಜೊತೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಕಣ್ಣಿನ ದೋಷಕ್ಕೆ ಎದುರು ಪವರಿನ ಗಾಜು ಹಾಕುವುದು ಇದೇ ತತ್ವದಿಂದ. "ಗಂಡ ಹೆಂಡತಿ ಜೋಡಿನೂ ಹೀಗೇ ಕಣೇ" ಎಂದು ಸೇರಿಸಿದೆ. "ಇದರಲ್ಲಿ ತೆಳು ಯಾರು?" ಎಂದಳು.

ಮರುದಿನ ಅಂಗಡಿಯಿಂದ ಬರುವಷ್ಟರಲ್ಲಿ ಕೋಣವೂ ಚಿಕ್ಕ ಡಬ್ಬವೂ ಹೊರಬಾಗಿಲ ಪಕ್ಕ ನಿಂತಿದ್ದವು, ಊರು ಬಿಡಲು ತಯಾರಾದವರ ಹಾಗೆ. "ಚೀಟಿ ಪ್ರಕಾರ," ಎಂದಳು ಹೆಂಡತಿ, "ಚರ್ಚೆಯಿಲ್ಲದೆ." ನಾನು ಬಾಯಿ ತೆರೆದೆ, ನನ್ನದೇ ಅಕ್ಷರ ನೆನಪಾಗಿ ಮುಚ್ಚಿದೆ. ಅವೆರಡೂ ಹೊಗೆ ಮೇಷ್ಟ್ರ ಅಂಗಡಿ ಸೇರಿದವು.

ಆಮೇಲಿನ ನಾಲ್ಕು ದಿನ ನಾನು ಮನುಷ್ಯನಾಗಿರಲಿಲ್ಲ, ಗುಂಡಿ ತಿರುಗಿಸುವ ಯಂತ್ರವಾಗಿದ್ದೆ. ಟ್ರೆಬಲ್, ಅಂದರೆ ಚೂಪು ದನಿ, ಒಂದು ಕೂದಲೆಳೆಯಷ್ಟು ಇಳಿಸಿದೆ, ಒಂದನೇದೋ ಎರಡನೇದೋ? ಬಾಸ್, ಅಂದರೆ ದಪ್ಪ ದನಿ, ಒಂದು ಕೂದಲೆಳೆಯಷ್ಟು ಏರಿಸಿದೆ, ಒಂದನೇದೋ ಎರಡನೇದೋ? ದೊಡ್ಡ ಡಬ್ಬವನ್ನು ನೆಲದಿಂದ ಎತ್ತಿ ಮಣೆಯ ಮೇಲಿಟ್ಟೆ, ಕಪಾಟಿನ ಡಬ್ಬಿಗಳು ಮಾತು ನಿಲ್ಲಿಸಿದವು, ಐದು ಅಂಕ ಏರಿತು. ಗೋಡೆಯಿಂದ ಒಂದು ಮೊಳ ಮುಂದಕ್ಕೆ ತಂದೆ, ಮೂರು ಅಂಕ. ಹೊಗೆ ಮೇಷ್ಟ್ರು ಒಂದು ಗುಟ್ಟು ಹೇಳಿಕೊಟ್ಟರು: "ವಾಲ್ವ್ ಆಂಪನ್ನ ತೀರಾ ಮೆತ್ತಗೂ ಇಡ್ಬೇಡಿ, ತೀರಾ ಕಿರುಚಿಸ್ಲೂಬೇಡಿ ಸಾರ್. ಇನ್ನೇನು ದನಿ ಒಡೆಯುತ್ತೆ ಅನ್ನೋ ಕಡೆ ತಂದು ನಿಲ್ಸಿ. ಅಲ್ಲಿ ಅದು ಮನುಷ್ಯರ ಹಾಗೆ. ಮೆತ್ತಗೆ ಮಾತಾಡ್ಸಿದ್ರೆ ಮೆತ್ತಗೆ, ಗದರಿದ್ರೆ ಗದರುತ್ತೆ." ಅದನ್ನೂ ಮಾಡಿದೆ. ಅಂಕ ಐವತ್ತು ದಾಟಿತು.

ಈ ಮಧ್ಯೆ ಒಂದು ಅನಾಹುತವೂ ಆಯಿತು. ನನ್ನ ಅಂಗಡಿಯಲ್ಲಿ ಒಬ್ಬ ಅಜ್ಜಿಯ ಕಣ್ಣು ಪರೀಕ್ಷೆ ಮಾಡುತ್ತಾ, "ಟ್ರೆಬಲ್ ಜಾಸ್ತಿ ಆಯ್ತಾ ಅಜ್ಜಿ?" ಎಂದು ಕೇಳಿಬಿಟ್ಟೆ. ಅವರು, "ಹೌದಪ್ಪ, ಮೂಗಿನ ಮೇಲೆ ಸ್ವಲ್ಪ ಜಾಸ್ತಿ" ಎಂದರು. ಸಂಕೋಚದಿಂದ ಮೂಗಿನ ಪಟ್ಟಿ ಸಡಿಲ ಮಾಡಿಕೊಟ್ಟೆ.

ಶನಿವಾರ ಹೊಗೆ ಮೇಷ್ಟ್ರೇ ಮನೆಗೆ ಬಂದು ಒಂದು ವಾಲ್ವ್ ಬದಲಾಯಿಸಿದರು. (ಹೊಗೆ ಬಂತು, ಆಮೇಲೆ ಶಬ್ದ ಬಂತು.) ಹೊಸ ವಾಲ್ವ್ ಪಳಗಲಿ ಎಂದು ಮಧ್ಯಾಹ್ನವೆಲ್ಲ ಆಂಪ್ಲಿಫೈಯರನ್ನು ಹಾಗೇ ಉರಿಸಿಡಲು ಹೇಳಿದರು. ನಾನು ಉರಿಸಿಟ್ಟು, ಗಿಟಾರನ್ನೂ ಅದಕ್ಕೆ ಸಿಕ್ಕಿಸಿಯೇ ಬಿಟ್ಟು ಅಂಗಡಿಗೆ ಹೋದೆ. ಸಂಜೆಯ ಪರೀಕ್ಷೆಯಲ್ಲಿ ಐವತ್ತೆಂಟು. ಭಾನುವಾರ ಸಂಜೆ ಐದಕ್ಕೆ ಮತ್ತೆ ಕೂತೆವು. ಐವತ್ತೆಂಟು. ಗುಂಡಿ ಅತ್ತ ತಿರುಗಿಸಿದರೂ ಐವತ್ತೆಂಟು, ಇತ್ತ ತಿರುಗಿಸಿದರೂ ಐವತ್ತೆಂಟು. ಆರು ಗಂಟೆಯಾಯಿತು.

ಹೆಂಡತಿ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡಳು. "ನನ್ನ ಅಂಕ ಬಿಡಿ. ನೀವೇ ಹೇಳಿ. ನಿಮಗೆ ಆ ನಾದ ಸಿಕ್ತಾ?"

ಸಿಕ್ಕಿತು ಎಂದು ಬಿಡಬಹುದಿತ್ತು. ಅವಳು ನಂಬುತ್ತಿದ್ದಳು, ಕೋಣೆ ಉಳಿಯುತ್ತಿತ್ತು. ಆದರೆ ಇಪ್ಪತ್ತಾರು ವರ್ಷ ನಾನು ಯಾರಿಗೂ ಸುಳ್ಳು ಪವರಿನ ಗಾಜು ಕೊಟ್ಟವನಲ್ಲ. "ಇಲ್ಲ" ಎಂದೆ. ಜೋಡಿ ಸರಿಯಿತ್ತು, ಎಲ್ಲವೂ ಸರಿಯಿತ್ತು, ಅದು ಮಾತ್ರ ಬರಲಿಲ್ಲ. ದುಃಖ ಬಂದಾಗ ನನಗೆ ಕೋಪ ಬರುತ್ತದೆ. "ಕರೆಂಟ್ ಸರಿಯಿಲ್ಲ ಈ ಮನೇಲಿ. ಗೋಡೆ ಸರಿಯಿಲ್ಲ. ಎಲ್ಲಕ್ಕಿಂತ ಮುಖ್ಯ, ಪರೀಕ್ಷಕರ ಕಿವಿ ಸರಿಯಿಲ್ಲ. ಭಾಗಾಕಾರ ಕೇಳೋ ಕಿವೀಲಿ ನಾದ ಹಿಡೀತೀಯಾ ನೀನು?"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿಲ ಬಳಿಯಿದ್ದ ಅತ್ತೆಯ ಕಡೆ ಒಮ್ಮೆ ನೋಡಿ, "ಹಾಗಾದ್ರೆ ನೀವೇ ಕೂತ್ಕೊಳ್ಳಿ. ನಿಮ್ಮ ಕಿವಿಗೇ ಪರೀಕ್ಷೆ" ಎಂದಳು.

"ನಾನು ಕೂತ್ರೆ ಬಾರ್ಸೋರು ಯಾರು?"

"ಒಂದನೇದು ನೀವೇ ಕೂತಲ್ಲೇ ಮೀಟಿ. ಎರಡನೇದು ಈ ಕಡೆಯಿಂದ. ಮೀಟೋರು ಯಾರಾದ್ರೂ ನಡೆಯುತ್ತಲ್ಲ?"

"ಮೀಟೋರು ಯಾರಾದ್ರೇನು," ಎಂದೆ ನಾನು. ಆಗ ಇದ್ದ ಉರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. "ಖಾಲಿ ತಂತಿ ಮೀಟೋಕೆ ಬೆರಳಿದ್ರೆ ಸಾಕು. ಎಲ್ಲಾ ಇರೋದು ಗಿಟಾರು ಮತ್ತೆ ಆಂಪಿನ ಜೋಡೀಲಿ. ಮನುಷ್ಯರದ್ದೇನೂ ಇಲ್ಲ ಇದ್ರಲ್ಲಿ."

"ಅದೂ ಸರಿ" ಎಂದಳು ಹೆಂಡತಿ.

ಪರೀಕ್ಷೆ ಕನ್ನಡಕ ನನ್ನ ಮೂಗಿನ ಮೇಲೆ ಬಂತು. (ಎಷ್ಟು ಭಾರ ಅದು. ಇಪ್ಪತ್ತಾರು ವರ್ಷ ಒಬ್ಬ ಗಿರಾಕಿಯೂ ಹೇಳಿರಲಿಲ್ಲ.) ಕತ್ತಲಲ್ಲಿ ಸೊಳ್ಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂರನೆಯ ತಂತಿಯನ್ನು ಮೀಟಿದೆ. ಐವತ್ತೆಂಟು, ಅನುಮಾನವೇ ಇಲ್ಲ. ಹೆಂಡತಿ ನನ್ನ ಕೈಯಿಂದ ಗಿಟಾರನ್ನು ತೆಗೆದುಕೊಂಡಳು. ಹಿಂದೆ ಹೆಜ್ಜೆ ಸಪ್ಪಳ, ಯಾವುದೋ ಮಣೆ ಎಳೆದ ಸದ್ದು. ಡಬ್ಬದ ಎತ್ತರ ಬದಲಾಯಿಸುತ್ತಿದ್ದಾಳೆ ಎಂದು ನಾನು ಒಳಗೊಳಗೇ ನಕ್ಕೆ. ಅದನ್ನೆಲ್ಲ ನಾನು ಬುಧವಾರವೇ ಮಾಡಿ ಮುಗಿಸಿದ್ದೆ.

"ಎರಡನೇದು" ಎಂದಳು.

ಬಂತು. ಅದೇ ತಂತಿ, ಅದೇ ಸ್ವರ. ಶುರುವಿನಲ್ಲಿ ದುಂಡಗೆ. ಮಧ್ಯದಲ್ಲಿ ಸ್ವಲ್ಪ ಗಂಟಲು ಕಟ್ಟಿತು. ಆಮೇಲೆ ಹೋಗಲು ಮನಸ್ಸಿಲ್ಲದೆ ಕೋಣೆಯ ಮೂಲೆ ಮೂಲೆಯಲ್ಲಿ ನಿಂತು ನಿಂತು ಹೋಯಿತು. ಕಪ್ಪು ಬಿಲ್ಲೆಗಳ ಹಿಂದೆ ನನ್ನ ಕಣ್ಣು ಒದ್ದೆಯಾಗಿತ್ತು. ಮೂವತ್ತೊಂದು ವರ್ಷ.

"ಏನು ಮಾಡ್ದೆ? ಮಿಡ್ ಗುಂಡಿ ತಿರುಗಿಸ್ದ್ಯಾ? ಡಬ್ಬ ಓರೆ ಮಾಡ್ದ್ಯಾ?"

"ಒಂದೇ ಒಂದು ಬದಲಾಯ್ಸಿದೆ. ನಿಮ್ಮದೇ ನಿಯಮ."

"ಇನ್ನೊಂದ್ಸಲ."

ನಮ್ಮ ಕಸುಬಿನಲ್ಲಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ಪದ್ಧತಿ. ಮೂರು ಸಲ ನಾನು ಮೀಟಿದೆ, ಮೂರು ಸಲ ಅದು ಬಂತು. ಮೂರು ಸಲವೂ "ಎರಡನೇದು" ಎಂದೆ. ಹೆಂಡತಿ ಚೀಟಿಯನ್ನೂ ಪೆನ್ನನ್ನೂ ಕೈಗಿತ್ತಳು. ಕಣ್ಣು ಕಾಣದೆಯೇ "ಎರಡನೆಯದು" ಎಂದು ಬರೆದು ಸಹಿ ಗೀಚಿದೆ. ಆಮೇಲೆ ಕನ್ನಡಕ ಕಿತ್ತು ತಿರುಗಿದೆ.

ಗುಂಡಿಗಳೆಲ್ಲ ನಾನಿಟ್ಟಲ್ಲೇ ಇದ್ದವು. ಡಬ್ಬ ನಾನಿಟ್ಟಲ್ಲೇ ಇತ್ತು. ಅದರ ಮುಂದೆ ಮಣೆಯ ಮೇಲೆ ನನ್ನ ಅತ್ತೆ, ಎಪ್ಪತ್ತನಾಲ್ಕು ವರ್ಷದವರು, ಸೊಳ್ಳೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಿವಿಯ ಮೆಷಿನ್ನು ಕಿಟಕಿಯ ಮೇಲಿತ್ತು.



"ನಿನ್ನೆ ಮಧ್ಯಾಹ್ನ ಅಮ್ಮ ಇದರ ಧೂಳು ಒರೆಸ್ತಿದ್ಲು," ಎಂದಳು ಹೆಂಡತಿ. "ನಾನು ಅಡುಗೆಮನೇಲಿ ಪಾತ್ರೆ ತೊಳೀತಿದ್ದೆ. ಸದ್ದು ಬಂತು. ಕೈಯಲ್ಲಿ ಸೋಪಿನ ನೊರೆ ಹಾಗೇ ಇಟ್ಕೊಂಡು ಬಂದು ಇಲ್ಲೇ ನಿಂತುಬಿಟ್ಟೆ. ಆಗ ಹೊಳೀತು. ಆರು ದಿನದಿಂದ ಗಿಟಾರ್ ಬದಲಾಯ್ಸಿದ್ವಿ, ಡಬ್ಬ ಬದಲಾಯ್ಸಿದ್ವಿ, ಗುಂಡಿ, ಮಣೆ, ಗೋಡೆ, ವಾಲ್ವು, ಎಲ್ಲಾ ಆಯ್ತು. ಬದಲಾಯ್ಸದೆ ಉಳಿದಿದ್ದು ಒಂದೇ."

"ಮೋಸ ಇದು," ಎಂದೆ. "ಅತ್ತೆಗೆ ಕೇಳ್ಸೋದೇ ಇಲ್ಲ."

ಹೆಂಡತಿ ಮೆಷಿನ್ನನ್ನು ಅತ್ತೆಯ ಕಿವಿಗಿಟ್ಟಳು. ಅತ್ತೆ ಪ್ರೀತಿಯಿಂದಲೇ ಹೇಳಿದರು, ಅದನ್ನು ಒಪ್ಪುತ್ತೇನೆ. "ಕೇಳ್ಸಲ್ಲ ಅಳಿಯಂದ್ರೇ. ಹೊಟ್ಟೆಗೆ ತಾಗುತ್ತಲ್ಲ, ಅದು ಪೂರ್ತಿ ನಿಂತ ಮೇಲೆ ಇನ್ನೊಂದು ಮೀಟ್ತೀನಿ. ನೀವು ಬಡೀತೀರಿ. ಹೆದರಿದ ಮಗೂಗೆ ಸೂಜಿ ಹಾಕೋವಾಗ ಹಾಗೆ ಬಡಿದ್ರೆ ಆಗುತ್ತಾ? ಮೊದಲು ಬೆರಳಿಡಬೇಕು. ಅದು ಸುಮ್ಮನಾದ ಮೇಲೆ ಬಿಡಬೇಕು. ನಿಮ್ಮದೇನೂ ತಪ್ಪಿಲ್ಲ, ನೀವು ಗಾಜು ಉಜ್ಜೋರು, ಕೈ ಗಟ್ಟಿ."

ಹೆಂಡತಿ ಚೀಟಿಯನ್ನು ಎತ್ತಿ ಹಿಡಿದಳು. "ಒಂದನೇದ್ರಲ್ಲೂ ಎರಡನೇದ್ರಲ್ಲೂ ಗಿಟಾರ್ ಒಂದೇ. ಡಬ್ಬ ಒಂದೇ. ಹೊಡೆದುಹಾಕಿ. ಉಳಿದಿದ್ದು ಒಂದು ಕಡೆ ನೀವು, ಒಂದು ಕಡೆ ಅಮ್ಮ. ಕಿವಿ ಅಮ್ಮನ್ನ ಆರಿಸ್ತು. ಕಿವಿ ಬೇಡ ಅಂದದ್ದು..."

"ಆ ಚೀಟಿ ಸಾಮಾನಿನ ಬಗ್ಗೆ ಬರ್ದಿದ್ದು. ನಾನು ಸಾಮಾನಲ್ಲ. ನಾನು ಈ ಮನೆ ಯಜಮಾನ."

"ಚರ್ಚೆಯಿಲ್ಲದೆ" ಎಂದಳು.

ಈಗ ಆ ಕೋಣೆ ಅತ್ತೆಯದು. ನಾದ ಬಂದರೆ ಕೋಣೆ ನಾದದ್ದು ಎಂದು ಹೆಂಡತಿಯೇ ಮಾತು ಕೊಟ್ಟಿದ್ದಳು, ಮಾತಿಗೆ ತಪ್ಪಲಿಲ್ಲ. ಮಕ್ಕಳ ಪಾಠ ಹಜಾರದಲ್ಲೇ ನಡೆಯುತ್ತದೆ. ಅತ್ತೆ ಸಂಜೆ ಆರಕ್ಕೆ ನಿಮಿಷಕ್ಕೊಂದು ಸ್ವರದ ಲೆಕ್ಕದಲ್ಲಿ ಮೀಟುತ್ತಾರೆ, ಮಕ್ಕಳು ಆ ಕಡೆ ಸದ್ದಿಲ್ಲದೆ ಭಾಗಿಸುತ್ತಾರೆ. (ಆ ಮಕ್ಕಳ ಬಾಯಲ್ಲಿ ಈಗ ನಾನು ಒಂದನೇದು, ಅತ್ತೆ ಎರಡನೇದು.) ಪೋಸ್ಟ್ ಮಾಸ್ಟರರು ಊರುಗೋಲನ್ನು ಮೇಲೆಯೇ ಬಿಟ್ಟು ಕೆಳಗೆ ಬಂದು ಕೂರುತ್ತಾರೆ. ಹೊಗೆ ಮೇಷ್ಟ್ರು ಕೂಡ ಒಮ್ಮೆ ಬಂದು ಕೇಳಿ, ಕಣ್ಣೊರೆಸಿಕೊಂಡು, "ಅಮ್ಮಾ, ನಿಮ್ಮಿಂದ ಆಯ್ತಲ್ಲ" ಎಂದು ಅತ್ತೆಗೆ ಕೈಮುಗಿದು ಹೋದರು. ನನಗೂ ಒಂದು ಹುದ್ದೆ ಕೊಟ್ಟಿದ್ದಾರೆ. ಆರಕ್ಕೆ ಐದು ನಿಮಿಷ ಮೊದಲು ಆಂಪ್ಲಿಫೈಯರ್ ಹಚ್ಚಿ ವಾಲ್ವ್ ಕಾಯಿಸಿ, ಕೇಬಲ್ ಸಿಕ್ಕಿಸಿ, ಹೊರಗೆ ಬರುವುದು.

ಇದನ್ನು ಸೋಲು ಎನ್ನುತ್ತಾರೆಯೇ? ಜೋಡಿ ಯಾರದ್ದು? ನನ್ನದು. ತೆಳುವಿಗೆ ದಪ್ಪ ಎಂಬ ಸಿದ್ಧಾಂತ ಯಾರದ್ದು? ನನ್ನದು. ಆ ನಾದ ಈ ಮನೆಯಲ್ಲೇ, ನಾನು ಇಟ್ಟ ಗುಂಡಿಗಳಿಂದಲೇ ಬಂದಿದೆ. ಉಳಿದದ್ದು ಬೆರಳಿನ ವಿಷಯ, ಮತ್ತು ಬೆರಳು ನನಗೂ ಹತ್ತಿವೆ.

ಕಳೆದ ಭಾನುವಾರ ಬೆಳಿಗ್ಗೆ ಅತ್ತೆ ಕಿವಿಯ ಮೆಷಿನ್ನಿಗೆ ಸೆಲ್ ತರಲು ಹೋಗಿದ್ದರು. ಹೆಂಡತಿ ಹಜಾರದಲ್ಲಿ ಮಕ್ಕಳಿಗೆ ವಿಶೇಷ ತರಗತಿ ನಡೆಸುತ್ತಿದ್ದಳು. ನಾನು ಸದ್ದಿಲ್ಲದೆ ಕೋಣೆ ಹೊಕ್ಕೆ. ವಾಲ್ವ್ ಕಾಯಿಸಿದೆ. ಅದೇ ಮಣೆಯ ಮೇಲೆ, ಅತ್ತೆ ಕೂರುವ ಹಾಗೆಯೇ ಸ್ವಲ್ಪ ಎಡಕ್ಕೆ ವಾಲಿ ಕೂತೆ. ನಾನು ಯಾವಾಗಲೂ ಮೀಟಲು ಹಿಡಿಯುವ ಪ್ಲಾಸ್ಟಿಕ್ ಪಿಕ್ಕನ್ನು ಬಿಸಾಕಿದೆ. ಹೆಬ್ಬೆರಳನ್ನು ತಂತಿಯ ಮೇಲಿಟ್ಟು, ಹೆದರಿದ ಮಗು ಸುಮ್ಮನಾಗುವಷ್ಟು ಹೊತ್ತು ಕಾದೆ, ಆಮೇಲೆ ಬಿಟ್ಟೆ. ದುಂಡಗೆ ಬಂತು. ನಿಮ್ಮಾಣೆ, ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಸ್ವರ ಪೂರ್ತಿ ನಿಲ್ಲುವ ತನಕ ಉಸಿರು ಹಿಡಿದು ಕೂತೆ.

ಹಜಾರದಲ್ಲಿ ಸೀಮೆಸುಣ್ಣ ನಿಂತಿತು. "ಮಕ್ಕಳೇ," ಎಂದಳು ಹೆಂಡತಿ, "ಯಾವುದು?"

ಹನ್ನೆರಡನ್ನು ಮೂರರಿಂದ ಭಾಗಿಸಲು ಹತ್ತು ಉತ್ತರ ಬರೆದಿದ್ದ ಆ ಹತ್ತು ತಲೆಗಳೂ ಪುಸ್ತಕದಿಂದ ಮೇಲೇಳಲಿಲ್ಲ. ಎಲ್ಲರೂ ಒಂದೇ ಬಾಯಿಯಲ್ಲಿ ಹೇಳಿದರು:

"ಒಂದನೇದು, ಟೀಚರ್."